ಇನ್ನೊಂದು ಭೂಮಿ ಎಲ್ಲಿ ಸಿಗುತ್ತದೆ? ಓದುಗರ ಪ್ರಶ್ನೆಗಳು, ನನ್ನ ಉತ್ತರಗಳು

ಕಳೆದ ತಿಂಗಳು ಇದೇ ಅಂಕಣದಲ್ಲಿ, ‘ಎಲೀಟ್ ಡೇಂಜರಸ್’ ಎಂಬ ಕಂಪ್ಯೂಟರ್ ಆಟದಲ್ಲಿ ಭೂಮಿಯಂಥ ಗ್ರಹಗಳನ್ನು ಹುಡುಕುವುದು ನನ್ನ ಬಿಡುವಿನ ಕೆಲಸ ಎಂದು ಎರಡು ಸಾಲು ಬರೆದಿದ್ದೆ. ಆ ಎರಡು ಸಾಲಿಗೆ ಬಂದ ಪತ್ರಗಳೇ ಈ ಸಲದ ಪುಟಗಳನ್ನು ತುಂಬುವಷ್ಟಿವೆ. ಆಟ ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹಿನ್ನೆಲೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರುವ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಸಂಸ್ಥೆ 2014ರ ಡಿಸೆಂಬರ್‌ನಲ್ಲಿ ಇದನ್ನು ಹೊರತಂದಿತು. ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ 1984ರಲ್ಲಿ ರೂಪಿಸಿದ ‘ಎಲೀಟ್’ ಆಟದ ವಂಶದ್ದು. ನಮ್ಮ ಕ್ಷೀರಪಥವನ್ನೇ ಅದರ ನಿಜವಾದ ಅಳತೆಯಲ್ಲಿ, ಸುಮಾರು 40,000 ಕೋಟಿ ನಕ್ಷತ್ರವ್ಯೂಹಗಳೊಂದಿಗೆ, ಕಂಪ್ಯೂಟರಿನೊಳಗೆ ಕಟ್ಟಿದ್ದಾರೆ. ವ್ಯಾಪಾರ ಮಾಡಬಹುದು, ಯುದ್ಧ ಮಾಡಬಹುದು. ಎರಡರಲ್ಲೂ ನನಗೆ ಆಸಕ್ತಿ ಹುಟ್ಟಲಿಲ್ಲ. ಒಂದು ಹಡಗು ಹಿಡಿದು ಯಾರೂ ಹೋಗದ ಕಡೆ ಹೋಗಿ, ನೀರು, ನೆಲ, ಉಸಿರಾಡಬಹುದಾದ ಗಾಳಿ ಮೂರೂ ಇರುವ ಗ್ರಹವನ್ನು ಹುಡುಕುವುದರಲ್ಲೇ ನನ್ನ ಆಟವೆಲ್ಲ.

ಪ್ರಶ್ನೆ: ಮೇಡಂ, ಮೂರು ತಿಂಗಳಿಂದ ಹುಡುಕುತ್ತಿದ್ದೇನೆ. ನಾನೂರು ವ್ಯೂಹಗಳನ್ನು ದಾಟಿದ್ದೇನೆ. ಭೂಮಿಯಂಥ ಗ್ರಹ ಒಂದೂ ಸಿಕ್ಕಿಲ್ಲ. ಇದೆಲ್ಲ ಅದೃಷ್ಟದ ಆಟವೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು)

ಅದೃಷ್ಟದ ಮಾತು ಆಮೇಲೆ. ಯಾವ ಬಗೆಯ ನಕ್ಷತ್ರಗಳ ಬಳಿಗೆ ಹೋದಿರಿ ಎಂಬುದನ್ನು ನೀವು ಬರೆದಿಲ್ಲ. ನಕ್ಷೆಯಲ್ಲಿ ದಾರಿ ಹಾಕುವಾಗ ಏನನ್ನೂ ಆರಿಸದೆ ಬಿಟ್ಟಿದ್ದರೆ, ನಿಮ್ಮ ನಾನೂರರಲ್ಲಿ ಬಹುಪಾಲು ಎಂ ವರ್ಗದ ಕೆಂಪು ಕುಬ್ಜಗಳೇ ಇರುತ್ತವೆ. (ನಕ್ಷತ್ರಗಳನ್ನು ಅವುಗಳ ಬಿಸಿಗೆ ತಕ್ಕಂತೆ ಓ, ಬಿ, ಎ, ಎಫ್, ಜಿ, ಕೆ, ಎಂ ಎಂದು ವಿಂಗಡಿಸುತ್ತಾರೆ; ಓ ಅತಿ ಬಿಸಿ, ಎಂ ತಣ್ಣಗಿನದು.) ನಿಜವಾದ ಕ್ಷೀರಪಥದಲ್ಲೂ ನಾಲ್ಕರಲ್ಲಿ ಮೂರು ನಕ್ಷತ್ರಗಳು ಅವೇ. ಕೆಂಪು ಕುಬ್ಜ ಎಂದರೆ ಬೂದಿ ಮುಚ್ಚಿದ ಕೆಂಡ. ಕಾವು ತಾಗಬೇಕಾದರೆ ತೀರ ಹತ್ತಿರ ಕೂರಬೇಕು. ಅಷ್ಟು ಹತ್ತಿರ ನೀರು ನಿಲ್ಲುವ ಪಟ್ಟಿ ಕಿರಿದು. ಅದರಲ್ಲಿ ಒಂದು ಗ್ರಹ ಸರಿಯಾಗಿ ಬಂದು ಕೂರುವುದು ಅಪರೂಪ. ಇನ್ನೊಂದು ತುದಿಯಲ್ಲಿ ಓ ಮತ್ತು ಬಿ ವರ್ಗದ ನೀಲಿ ದೈತ್ಯಗಳಿವೆ. ಸೂರ್ಯನ ಆಯಸ್ಸು ಸುಮಾರು 1,000 ಕೋಟಿ ವರ್ಷವಾದರೆ ಓ ವರ್ಗದ ನಕ್ಷತ್ರದ್ದು ಕೆಲವೇ ದಶಲಕ್ಷ ವರ್ಷ. ಗ್ರಹವೊಂದು ಆರಿ ತಣ್ಣಗಾಗುವ ಮೊದಲೇ ಒಲೆ ನಂದಿಹೋಗುತ್ತದೆ.

ಆದ್ದರಿಂದ ಎಫ್, ಜಿ, ಕೆ ಈ ಮೂರು ವರ್ಗಗಳನ್ನು ಹಿಡಿಯಿರಿ. ಇವು ಬಿಳಿಹಳದಿಯಿಂದ ಕಿತ್ತಳೆಯವರೆಗಿನ ಬಣ್ಣದವು. ನಮ್ಮ ಸೂರ್ಯ ಜಿ ವರ್ಗಕ್ಕೆ ಸೇರಿದ್ದು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅತಿ ಹೆಚ್ಚು ಗುರುತು ಬಿದ್ದಿರುವುದು ಎಫ್ ಎದುರಿಗೆ. ನಕ್ಷೆಯಲ್ಲಿ ನಕ್ಷತ್ರದ ವರ್ಗಗಳನ್ನು ಆರಿಸುವ ಪಟ್ಟಿ ಇದೆ. ಉಳಿದದ್ದೆಲ್ಲ ತೆಗೆದು ಈ ಮೂರನ್ನು ಮಾತ್ರ ಬಿಟ್ಟು, ದಾರಿಗೂ ಅದೇ ಆಯ್ಕೆ ಅನ್ವಯವಾಗುವಂತೆ ಗುರುತು ಹಾಕಿ. ಈ ಮೂರೂ ವರ್ಗಗಳಿಂದ ಹಡಗಿಗೆ ಇಂಧನ ಹೀರಿಕೊಳ್ಳಬಹುದು, ಹಾಗಾಗಿ ನಡುದಾರಿಯಲ್ಲಿ ಇಂಧನ ಮುಗಿದು ನಿಲ್ಲುವ ಭಯವೂ ಇಲ್ಲ.

ಇನ್ನೊಂದು ಗುಟ್ಟು ಹೆಸರಿನಲ್ಲೇ ಇದೆ. ಆಟದ ಅತಿ ದೂರದ ನಕ್ಷತ್ರಗಳಲ್ಲಿ ಒಂದಾದ, ಸೂರ್ಯನಿಂದ ಸುಮಾರು 65,000 ಜ್ಯೋತಿರ್ವರ್ಷ ದೂರದ ‘ಬೀಗಲ್ ಪಾಯಿಂಟ್’ನ ಮೂಲ ಹೆಸರು ‘ಸೀಕಿಯಾ ಝಡ್‌ಕ್ಯೂ-ಎಲ್ ಸಿ24-0’. ಕೊನೆಯ ಅಂಕಿಗಳ ಮುಂದೆ ನಿಂತಿರುವ ‘ಸಿ’ ಅಕ್ಷರವನ್ನು ಗಮನಿಸಿ. ಆಟವು ಇಡೀ ಗ್ಯಾಲಕ್ಸಿಯನ್ನು ಘನಾಕಾರದ ಪೆಟ್ಟಿಗೆಗಳಾಗಿ ಕತ್ತರಿಸಿದೆ. ‘ಎ’ ಪೆಟ್ಟಿಗೆಯ ಒಂದು ಬದಿ 10 ಜ್ಯೋತಿರ್ವರ್ಷ. ಅಕ್ಷರ ಮುಂದೆ ಹೋದಂತೆ ಅಳತೆ ದುಪ್ಪಟ್ಟಾಗುತ್ತಾ ‘ಎಚ್’ನಲ್ಲಿ 1,280 ಆಗುತ್ತದೆ. ಸಣ್ಣ ಪೆಟ್ಟಿಗೆಗೆ ಹಗುರ ನಕ್ಷತ್ರ, ದೊಡ್ಡದಕ್ಕೆ ಭಾರದ್ದು. ಭೂಮಿಯಂಥ ಗ್ರಹದ ಬೇಟೆಗಾರರಿಗೆ ‘ಸಿ’ ಮತ್ತು ‘ಡಿ’ ಒಳ್ಳೆಯವು. ನಾನು ಮೊದಲು ನೋಡುವುದು ‘ಡಿ’. ಇಷ್ಟು ಮಾಡಿ ಇನ್ನೊಂದು ತಿಂಗಳು ಹುಡುಕಿ, ಆಮೇಲೆ ನನಗೆ ಬರೆಯಿರಿ.

ಪ್ರಶ್ನೆ: ಒಂದು ವ್ಯೂಹಕ್ಕೆ ಬಂದ ಮೇಲೆ ಅದರಲ್ಲಿ ಭೂಮಿಯಂಥ ಗ್ರಹ ಇದೆಯೋ ಇಲ್ಲವೋ ಎಂದು ಬೇಗ ತಿಳಿಯುವುದು ಹೇಗೆ? ಪ್ರತಿಯೊಂದನ್ನೂ ಹತ್ತಿರ ಹೋಗಿ ನೋಡಬೇಕೇ? (ಬ್ಯಾಂಕ್ ಉದ್ಯೋಗಿ, ಮಂಗಳೂರು)

ಬೇಡ. 2018ರ ಡಿಸೆಂಬರ್‌ವರೆಗೆ ಗ್ರಹದ ವಿವರ ಓದಬೇಕಾದರೆ ಹತ್ತಿರ ಹೋಗಲೇಬೇಕಿತ್ತಂತೆ. ಆಗ ಬಂದ ರೋಹಿತ ಸ್ಕ್ಯಾನರ್ ಈ ಕೆಲಸದ ರೂಪವನ್ನೇ ಬದಲಿಸಿತು. ನಾನು ಆಟಕ್ಕೆ ಬಂದದ್ದು ಅದರ ನಂತರ.

ವ್ಯೂಹಕ್ಕೆ ಬಂದ ಕೂಡಲೇ ಶೋಧಕದ ಗುಂಡಿಯನ್ನು ಒತ್ತಿ ಹಿಡಿಯಿರಿ. ಹಡಗು ಒಮ್ಮೆ ದೊಡ್ಡದಾಗಿ ಹಾರ್ನ್ ಹೊಡೆದ ಹಾಗೆ ಸದ್ದಾಗುತ್ತದೆ. ಆಟಗಾರರು ಅದನ್ನು ‘ಹಾಂಕ್’ ಎಂದೇ ಕರೆಯುತ್ತಾರೆ. ಆಮೇಲೆ ವೇಗವನ್ನು ಕನಿಷ್ಠಕ್ಕೆ ಇಳಿಸಿ ಸ್ಕ್ಯಾನರ್ ತೆರೆಯಿರಿ. ಪರದೆಯ ಕೆಳಗೆ ಒಂದು ಉದ್ದನೆಯ ಪಟ್ಟಿ ಕಾಣುತ್ತದೆ, ಹಳೆಯ ರೇಡಿಯೊದಲ್ಲಿ ಸ್ಟೇಷನ್ ಹುಡುಕುತ್ತಿದ್ದೆವಲ್ಲ, ಅಂಥದ್ದೇ. ಕಲ್ಲಿನ ಗ್ರಹಗಳಿಗೆ ಒಂದು ಜಾಗ, ಅನಿಲ ದೈತ್ಯಗಳಿಗೆ ಇನ್ನೊಂದು. ಭೂಮಿಯಂಥ ಗ್ರಹಕ್ಕೂ ಅದರಲ್ಲಿ ತನ್ನದೇ ಜಾಗವಿದೆ. ಮುಳ್ಳನ್ನು ಅಲ್ಲಿಗೆ ತಂದು, ಆ ಜಾಗದಲ್ಲಿ ಗೆರೆ ಎದ್ದಿದೆಯೇ ನೋಡಿ. ಎದ್ದಿಲ್ಲವೆಂದರೆ ಮುಂದಿನ ವ್ಯೂಹಕ್ಕೆ ಹೋಗಬಹುದು. ಪ್ರತಿ ಬಗೆಯ ಗ್ರಹಕ್ಕೂ ಬೇರೆ ಬೇರೆ ಧ್ವನಿ ಇದೆ. ಹೆಡ್‌ಫೋನ್ ಹಾಕಿಕೊಂಡು ಆಡಿದರೆ ಕೆಲವು ವಾರಗಳಲ್ಲಿ ಕಿವಿಗೇ ಗೊತ್ತಾಗತೊಡಗುತ್ತದೆ.

ನನ್ನ ಮೊದಲ ಗ್ರಹ ಸಿಕ್ಕಿದ್ದು 2019ರ ಆಷಾಢದಲ್ಲಿ. ಸಾಗರದಲ್ಲಿ ಜಡಿಮಳೆ. ತೋಟದ ಕಡೆಯಿಂದ ಕಪ್ಪೆಗಳ ಕೂಗು ಹೆಡ್‌ಫೋನ್ ದಾಟಿ ಕೇಳಿಸುತ್ತಿತ್ತು. ರಾತ್ರಿ ಹನ್ನೊಂದಾಗಿತ್ತು, ಇದೊಂದು ನೋಡಿ ಮಲಗೋಣ ಎಂದುಕೊಂಡು ಒಂದು ಎಫ್ ನಕ್ಷತ್ರದ ಬಳಿ ಹಾಂಕ್ ಮಾಡಿದೆ. ಪಟ್ಟಿಯಲ್ಲಿ, ಅಷ್ಟು ದಿನ ಬರಿದಾಗಿಯೇ ಇದ್ದ ಆ ಜಾಗದಲ್ಲಿ, ಸಣ್ಣದೊಂದು ಗೆರೆ ಎದ್ದಿತ್ತು. ಮುಳ್ಳನ್ನು ಅದರ ಮೇಲೆ ನಿಲ್ಲಿಸಿ, ನೋಟವನ್ನು ಎಡಕ್ಕೆ ಸರಿಸಿ, ಬೆಳಕಿನ ಚುಕ್ಕೆಯ ಮೇಲೆ ತಂದು ಗುಂಡಿ ಒತ್ತಿದೆ. ದೃಶ್ಯ ಒಮ್ಮೆಲೇ ಹತ್ತಿರಕ್ಕೆ ನುಗ್ಗಿತು. ಬಿಳಿ ಮೋಡ, ಮೋಡದ ಕೆಳಗೆ ಕಡಲು, ಕಡಲಿನ ಅಂಚಿಗೆ ಕಂದು ನೆಲ, ಧ್ರುವದಲ್ಲಿ ಒಂದಿಷ್ಟು ಹಿಮ. ಉಷ್ಣಾಂಶ 291 ಕೆಲ್ವಿನ್, ಎಂದರೆ 18 ಡಿಗ್ರಿ ಸೆಲ್ಸಿಯಸ್. ಗುರುತ್ವ ನಮ್ಮದರ 0.94 ಪಟ್ಟು. ವರ್ಷಕ್ಕೆ 736 ದಿನ. ನಾನು ಸುಮ್ಮನೆ ಕುಳಿತೇ ಇದ್ದೆ. ನನ್ನ ತಂಗಿ ನೀರು ಕುಡಿಯಲು ಎದ್ದವಳು ಬಾಗಿಲಲ್ಲಿ ನಿಂತು, ‘ಯಾವ ಊರು ಅದು?’ ಎಂದು ಕೇಳಿದಳು.

ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವಳು ನಾನು. ಮರುದಿನ ಬೆಳಗ್ಗೆ ಕಾಗದ ಹಿಡಿದು ಲೆಕ್ಕ ಹಾಕದೆ ಇರಲಾಗಲಿಲ್ಲ. ಆಟದಲ್ಲಿ ದೂರವನ್ನು ಬೆಳಕಿನ ಸೆಕೆಂಡುಗಳಲ್ಲಿ ತೋರಿಸುತ್ತಾರೆ. ಸೂರ್ಯನಿಂದ ಭೂಮಿಗೆ ಬೆಳಕು ಬರಲು 499 ಸೆಕೆಂಡು; 500 ಎನ್ನೋಣ. ಬೇರೆ ನಕ್ಷತ್ರಕ್ಕೆ ಅಷ್ಟೇ ಬಿಸಿಲು ಬೀಳುವ ದೂರ ಬೇಕಾದರೆ, 500ನ್ನು ಆ ನಕ್ಷತ್ರದ ತ್ರಿಜ್ಯದಿಂದ (ಸೂರ್ಯನ ಎಷ್ಟು ಪಟ್ಟು ಎಂಬ ಲೆಕ್ಕದಲ್ಲಿ) ಗುಣಿಸಿ. ನಂತರ ಅದರ ಉಷ್ಣಾಂಶವನ್ನು ಸೂರ್ಯನ ಮೇಲ್ಮೈ ಉಷ್ಣಾಂಶವಾದ 5,778 ಕೆಲ್ವಿನ್‌ನಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಅದರಿಂದಲೂ ಗುಣಿಸಿ. ನನ್ನ ಎಫ್ ನಕ್ಷತ್ರದ ತ್ರಿಜ್ಯ 1.4, ಉಷ್ಣಾಂಶ 6,500 ಕೆಲ್ವಿನ್. ಉತ್ತರ 886. ಗ್ರಹ ಇದ್ದದ್ದು 880ರಲ್ಲಿ! ತ್ರಿಜ್ಯ 0.75, ಉಷ್ಣಾಂಶ 4,800 ಇರುವ ಕೆ ವರ್ಗದ ನಕ್ಷತ್ರವಾದರೆ ಸುಮಾರು 260 ಬರುತ್ತದೆ. ಗಾಳಿಯ ದಪ್ಪ, ಅದರಲ್ಲಿರುವ ಅನಿಲ, ಮೋಡ ಇವುಗಳಿಂದ ಅತ್ತಿತ್ತ ಆಗುತ್ತದೆ, ಆದರೂ ವ್ಯೂಹದ ನಕ್ಷೆ ನೋಡುವಾಗ ಕಣ್ಣು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಈ ಸೂತ್ರ ಸಾಕು.

ಜಲಗ್ರಹಗಳೂ ನೀಲಿಯಾಗಿಯೇ ಇರುತ್ತವೆ, ದೂರದಿಂದ ಮೋಸ ಹೋಗುತ್ತೀರಿ. ವಿವರದ ಫಲಕವನ್ನು ಪೂರ್ತಿ ಓದಿ.

ಪ್ರಶ್ನೆ: ಸಿಕ್ಕ ಗ್ರಹದ ಮೇಲೆ ಇಳಿಯಬಹುದೇ? (ಓದುಗರು, ಬಳ್ಳಾರಿ)

ಇಳಿಯಲಾಗುವುದಿಲ್ಲ. ಗಾಳಿಯೇ ಇಲ್ಲದ ಗ್ರಹಗಳ ಮೇಲೆ ಇಳಿಯಬಹುದು. 2021ರ ಮೇ ತಿಂಗಳಲ್ಲಿ ಬಂದ ‘ಒಡಿಸ್ಸಿ’ ಭಾಗದಿಂದ ತೀರ ತೆಳು ಗಾಳಿಯ ಗ್ರಹಗಳ ಮೇಲೂ ಕಾಲಿಡಬಹುದು. ಭೂಮಿಯಂಥವುಗಳನ್ನು ಮೇಲಿನಿಂದ ನೋಡಬೇಕು ಅಷ್ಟೇ. ನನಗೂ ಇದು ತೀರದ ಆಸೆ. ಆದರೆ ಮೇಲಿನಿಂದಲೇ ಮಾಡುವ ಒಂದು ಸೊಗಸಾದ ಕೆಲಸವಿದೆ, ನಕ್ಷೆ ತೆಗೆಯುವುದು. ಹಡಗಿನಿಂದ ಪುಟ್ಟ ಶೋಧಕಗಳನ್ನು ಹಾರಿಸುತ್ತೀರಿ. ಎದುರಿಗೆ ಕಾಣುವ ಮುಖಕ್ಕೆ ನೇರ ಗುರಿ ಸಾಕು. ಬೆನ್ನ ಹಿಂದಿನ ಮುಖಕ್ಕೆ ತಲುಪಿಸಬೇಕಾದರೆ ಗ್ರಹದ ಅಂಚಿನಿಂದ ಆಚೆಗೆ, ಖಾಲಿ ಆಕಾಶಕ್ಕೆ ಗುರಿ ಇಡಬೇಕು. ಶೋಧಕ ತಪ್ಪಿಹೋಯಿತು ಎನ್ನುವಷ್ಟರಲ್ಲಿ ಗುರುತ್ವ ಅದನ್ನು ನಿಧಾನವಾಗಿ ಬಾಗಿಸಿ ಒಳಕ್ಕೆ ಎಳೆದುಕೊಳ್ಳುತ್ತದೆ. ನ್ಯೂಟನ್ನನ ನಿಯಮವನ್ನು ಕಪ್ಪು ಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅದು ಕೈಯ ಅಂದಾಜಿಗೆ ಬಂದದ್ದು ಇಲ್ಲಿ.

ಪ್ರಶ್ನೆ: ಮೇಡಂ, ನನ್ನ ಮಗ ಪಿಯುಸಿ. ರಜೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಇದೇ ಆಟ. ಗುಂಡು ಹೊಡೆಯುವುದೂ ಇಲ್ಲ, ಗೆಲ್ಲುವುದೂ ಇಲ್ಲ, ಸುಮ್ಮನೆ ಕಪ್ಪು ಪರದೆ ನೋಡುತ್ತಾ ಕೂರುತ್ತಾನೆ. ಗದರಿಸಬೇಕೋ ಬಿಡಬೇಕೋ ತಿಳಿಯುತ್ತಿಲ್ಲ. (ತಾಯಿ, ಹುಬ್ಬಳ್ಳಿ)

ಗದರಿಸುವ ಮೊದಲು ಒಂದು ಸಂಜೆ ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರಿ. ಇದು ಯಾವ ನಕ್ಷತ್ರ, ಇದರ ಬಣ್ಣ ಏಕೆ ಹೀಗಿದೆ, ಆ ‘ಕೆ’ ಎಂದರೇನು ಎಂದು ಕೇಳಿ. ಅವನು ವಿವರಿಸಿದರೆ ನಿಮ್ಮ ಮಗ ಕಪ್ಪು ಪರದೆ ನೋಡುತ್ತಿಲ್ಲ, ಓದುತ್ತಿದ್ದಾನೆ. ವಿವರಿಸಲು ಬಾರದಿದ್ದರೆ ಹುಡುಕಿ ಹೇಳು ಎನ್ನಿ, ಹೇಳುತ್ತಾನೆ. ನಕ್ಷತ್ರಗಳ ವರ್ಗೀಕರಣವನ್ನು ತರಗತಿಯಲ್ಲಿ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ವಾರಕ್ಕೆ ಮರೆತ ನೂರಾರು ಮಕ್ಕಳನ್ನು ನಾನು ಕಂಡಿದ್ದೇನೆ. ಇಂಧನ ತುಂಬಿಸಿಕೊಳ್ಳಲು ಯಾವ ವರ್ಗ ಬೇಕು ಎಂದು ಕಲಿತವನು ಮರೆಯುವುದಿಲ್ಲ.

ನಾಲ್ಕು ಗಂಟೆ ಹೆಚ್ಚೇ. ಎರಡಕ್ಕೆ ಇಳಿಸಿ, ಮಲಗುವ ಒಂದು ಗಂಟೆ ಮುಂಚೆ ನಿಲ್ಲಿಸಲಿ. ಈ ಆಟದಲ್ಲಿ ಊಟಕ್ಕೆ ಕರೆದಾಗ ಎದ್ದು ಬರಲು ಯಾವ ಅಡ್ಡಿಯೂ ಇಲ್ಲ. ಆಟದಿಂದ ಹೊರಗೆ ಬಂದರೆ ಹಡಗು ಎಲ್ಲಿತ್ತೋ ಅಲ್ಲೇ ಇರುತ್ತದೆ, ಮರುದಿನ ಅಲ್ಲಿಂದಲೇ ಮುಂದುವರಿಸಬಹುದು. ಇದನ್ನು ನೀವು ತಿಳಿದಿದ್ದರೆ ಒಳ್ಳೆಯದು. ಒಂದು ತಿಳಿ ರಾತ್ರಿ ಅವನನ್ನು ಮಾಳಿಗೆಯ ಮೇಲೆ ಕರೆದುಕೊಂಡು ಹೋಗಿ, ಆಟದಲ್ಲಿ ನೋಡಿದ ಒಂದು ನಕ್ಷತ್ರವನ್ನು ನಿಜವಾದ ಆಕಾಶದಲ್ಲಿ ತೋರಿಸು ಎಂದು ಕೇಳಿ. ರೋಹಿಣಿ, ಆರ್ದ್ರಾ, ಚಿತ್ತಾ, ಸ್ವಾತಿ, ಜ್ಯೇಷ್ಠಾ ಎಲ್ಲವೂ ಆ ಆಟದಲ್ಲಿವೆ, ಇಂಗ್ಲಿಷ್ ಹೆಸರುಗಳಲ್ಲಿ.

ಪ್ರಶ್ನೆ: ಭೂಮಿಯಂಥ ಮೂರು ಗ್ರಹಗಳು ಸಿಕ್ಕವು. ಮೂರರ ಮೇಲೂ ಬೇರೆ ಯಾರದೋ ಹೆಸರು! ಇನ್ನೂ ಯಾರೂ ಮುಟ್ಟದ್ದು ಉಳಿದಿದೆಯೇ? (ಓದುಗರು, ಕುವೈತ್)

ಉಳಿದಿದೆ. (ಗ್ರಹದ ಮಾಹಿತಿಯನ್ನು ಮೊದಲು ತಂದುಕೊಟ್ಟವರ ಹೆಸರು ಅದರ ಮೇಲೆ ಬೀಳುತ್ತದೆ.) ಆಟ ಬಂದು ಇಷ್ಟು ವರ್ಷವಾದರೂ ಆಟಗಾರರೆಲ್ಲ ಸೇರಿ ನೋಡಿರುವುದು ಆ ಗ್ಯಾಲಕ್ಸಿಯ ನೂರರಲ್ಲಿ ಒಂದು ಪಾಲೂ ಅಲ್ಲ. ನಿಮ್ಮ ತೊಂದರೆ ದಾರಿಯದ್ದು. ಸೂರ್ಯನಿಂದ ಸುಮಾರು 22,000 ಜ್ಯೋತಿರ್ವರ್ಷ ದೂರದ, ಆಟದೊಳಗಿನ ಜನವಸತಿಯಾದ ಕೊಲೊನಿಯಾಕ್ಕೆ ಹೋಗುವ ದಾರಿ, ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ಸ್ಯಾಜಿಟೇರಿಯಸ್ ಎ ಸ್ಟಾರ್‌ಗೆ ಹೋಗುವ ದಾರಿ, ಇವೆರಡೂ ಜಾತ್ರೆಯ ದಾರಿಗಳಾಗಿವೆ. 2019ರ ಜನವರಿಯಲ್ಲಿ ‘ಡಿಸ್ಟಂಟ್ ವರ್ಲ್ಡ್ಸ್ 2’ ಎಂಬ ಯಾತ್ರೆ ಹೊರಟಾಗ 13,000ಕ್ಕೂ ಹೆಚ್ಚು ಆಟಗಾರರು ಹೆಸರು ಬರೆಸಿದ್ದರು. ಅಂಥ ದಂಡು ನಡೆದ ಕಡೆ ಹೂವು ಉಳಿಯುವುದಿಲ್ಲ.

ನಾನು ಮಾಡುವುದು ಇಷ್ಟು. ಮುಖ್ಯ ದಾರಿಯಿಂದ ಕೆಲವು ನೂರು ಜ್ಯೋತಿರ್ವರ್ಷ ಮೇಲಕ್ಕೋ ಕೆಳಕ್ಕೋ ಸರಿದುಬಿಡುತ್ತೇನೆ. ಗ್ಯಾಲಕ್ಸಿ ರೊಟ್ಟಿಯ ಹಾಗೆ ಚಪ್ಪಟೆ ಎಂದುಕೊಂಡು ಎಲ್ಲರೂ ಮೇಲ್ಮೈಯಲ್ಲೇ ಓಡಾಡುತ್ತಾರೆ. ಅದಕ್ಕೆ ದಪ್ಪವೂ ಇದೆ. ಎರಡನೆಯದಾಗಿ, ಕಂಪ್ಯೂಟರ್ ಹಾಕಿಕೊಟ್ಟ ದಾರಿಯನ್ನು ಮೂರನೆಯ ಜಿಗಿತದಲ್ಲಿ (ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹಾರುವುದೇ ಜಿಗಿತ) ಬಿಟ್ಟು, ನಕ್ಷೆಯಲ್ಲಿ ಪಕ್ಕದ ಒಂದು ಎಫ್ ಅಥವಾ ಜಿ ನಕ್ಷತ್ರವನ್ನು ಕೈಯಾರೆ ಆರಿಸುತ್ತೇನೆ. ಕಂಪ್ಯೂಟರ್ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಕಲ್ಲುಗಳ ಮೇಲೆ ಹೊಳೆ ದಾಟಿಸುತ್ತದೆ. ಪಕ್ಕದ ಕಲ್ಲಿಗೆ ಕಾಲಿಡಿ.

ಪ್ರಶ್ನೆ: ಎರಡು ತಿಂಗಳ ಪ್ರಯಾಣದ ಮಾಹಿತಿಯೆಲ್ಲ ಒಂದು ಅಪಘಾತದಲ್ಲಿ ಹೋಯಿತು. ಆಟವನ್ನೇ ಬಿಡೋಣ ಎನಿಸಿದೆ. ನಿಮಗೆ ಹೀಗಾಗಿದೆಯೇ? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಆಗಿದೆ, ಅದರ ನೋವು ನನಗೆ ಚೆನ್ನಾಗಿ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ: ಗ್ರಹವನ್ನು ಕಂಡರೆ ಸಾಲದು. ಅದರ ಮಾಹಿತಿಯನ್ನು ಯಾವುದಾದರೂ ನಿಲ್ದಾಣಕ್ಕೆ ತಂದು, ‘ಯೂನಿವರ್ಸಲ್ ಕಾರ್ಟೊಗ್ರಾಫಿಕ್ಸ್’ ಕೌಂಟರಿನಲ್ಲಿ ಮಾರಿದಾಗಲೇ ಅದರ ಮೇಲೆ ನಿಮ್ಮ ಹೆಸರು ಬೀಳುವುದು. ಅದಕ್ಕೂ ಮುಂಚೆ ಹಡಗು ನಾಶವಾದರೆ ಎಲ್ಲವೂ ಹೋಯಿತು. ಮೊದಲು ಕಂಡವರಿಗಲ್ಲ, ಮೊದಲು ತಂದು ಕೊಟ್ಟವರಿಗೆ ಹೆಸರು.

ನನ್ನ ಹಡಗು ಒಂದು ‘ಡೈಮಂಡ್‌ಬ್ಯಾಕ್ ಎಕ್ಸ್‌ಪ್ಲೋರರ್’. ಟಿಟ್ಟಿಭ ಎಂದು ಹೆಸರಿಟ್ಟಿದ್ದೇನೆ. ರಾತ್ರಿಯಲ್ಲೂ ಕೂಗುತ್ತಾ ಎಚ್ಚರವಾಗಿರುವ ಹಕ್ಕಿ ಅದು. 2020ರಲ್ಲಿ ಏಳು ವಾರ ಸುತ್ತಿ, ಭೂಮಿಯಂಥ ಮೂರು ಗ್ರಹಗಳ ಮಾಹಿತಿ ಇಟ್ಟುಕೊಂಡು ಹಿಂದಿರುಗುತ್ತಿದ್ದೆ. ದಾರಿಯಲ್ಲಿ ಕೆಂಪು ಬಂಡೆಗಳ ಒಂದು ಗ್ರಹ, ಅದರ ಆಕಾಶದಲ್ಲಿ ಉಂಗುರದ ದೈತ್ಯ. ಒಂದು ಚಿತ್ರ ತೆಗೆಯೋಣ ಎಂದು ಇಳಿಯತೊಡಗಿದೆ. ಗುರುತ್ವದ ಅಂಕಿಯನ್ನು ನೋಡಲಿಲ್ಲ. ಭೂಮಿಯ ಮೂರು ಪಟ್ಟಿಗಿಂತ ಹೆಚ್ಚಿತ್ತು. ಕೊನೆಯ ಒಂದು ಕಿಲೋಮೀಟರಿನಲ್ಲಿ ಮೂತಿ ಮೇಲೆತ್ತಲು ಹೋದೆ, ಹಡಗು ಕೇಳಲಿಲ್ಲ. ಕಲ್ಲು ಬಿದ್ದ ಹಾಗೆ ಬಿತ್ತು.

ಎರಡು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಆಮೇಲೆ ನೆನಪಾಯಿತು, ಮೂರೂ ವ್ಯೂಹಗಳ ಹೆಸರು ನನ್ನ ಟಿಪ್ಪಣಿ ಪುಸ್ತಕದಲ್ಲಿವೆ. ಮರುವರ್ಷ ಮತ್ತೆ ಹೋದೆ. ಎರಡು ಹಾಗೆಯೇ ಕಾಯುತ್ತಿದ್ದವು. ಮೂರನೆಯದರ ಮೇಲೆ ಬೇರೆಯವರ ಹೆಸರಿತ್ತು. ಆ ಗ್ರಹದ ಸುತ್ತ ಒಂದು ಸುತ್ತು ಬಂದು, ಅವರಾದರೂ ಸುರಕ್ಷಿತವಾಗಿ ಮನೆ ತಲುಪಿದರಲ್ಲ ಎಂದು ನೆಮ್ಮದಿಪಟ್ಟು ಮರಳಿದೆ.

ನೀವೂ ಹೆಸರುಗಳನ್ನು ಕಾಗದದ ಮೇಲೆ ಬರೆದಿಡಿ. ಇಳಿಯುವ ಮುಂಚೆ ಗುರುತ್ವ ನೋಡಿ. ಒಂದಕ್ಕಿಂತ ಹೆಚ್ಚಿದ್ದರೆ ಇಳಿಜಾರಿನಲ್ಲಿ ಸೈಕಲ್ ಬಿಟ್ಟಂತೆ ಬ್ರೇಕಿನ ಮೇಲೆ ಬೆರಳಿಟ್ಟೇ ಇಳಿಯಬೇಕು. ದೂರ ಹೋದಾಗ ಮಾರಲು ಮನೆಗೇ ಬರಬೇಕೆಂದಿಲ್ಲ. ಕೊಲೊನಿಯಾದಲ್ಲಿ ಮಾರಬಹುದು. ಗ್ಯಾಲಕ್ಸಿಯ ನಡುವೆ, ಡಿಸ್ಟಂಟ್ ವರ್ಲ್ಡ್ಸ್ 2 ಯಾತ್ರಿಕರ ಶ್ರಮದಿಂದ ಎದ್ದ ‘ಎಕ್ಸ್‌ಪ್ಲೋರರ್ಸ್ ಆಂಕರೇಜ್’ ನಿಲ್ದಾಣವಿದೆ, ಅಲ್ಲಿಯೂ ಮಾರಬಹುದು. ಆಟ ಬಿಡಬೇಡಿ. ನೀವು ಕಂಡ ಗ್ರಹಗಳು ಎಲ್ಲಿಗೂ ಹೋಗಿಲ್ಲ.

ಪ್ರಶ್ನೆ: ಆಟದಲ್ಲಿ ಕಾಣುವ ಗ್ರಹಗಳು ನಿಜವೇ? ವಿಜ್ಞಾನಿಗಳಿಗೆ ನಿಜವಾಗಿಯೂ ಇನ್ನೊಂದು ಭೂಮಿ ಸಿಕ್ಕಿದೆಯೇ? ಭಾರತದವರು ಹೆಸರಿಟ್ಟ ಗ್ರಹವೂ ಇದೆಯಂತೆ? (ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಚಿತ್ರದುರ್ಗ)

ಸರ್, ಮೂರು ಪ್ರಶ್ನೆಗಳೂ ಒಳ್ಳೆಯವು. ಆಟದ ನಕ್ಷತ್ರಗಳಲ್ಲಿ ಒಂದೂವರೆ ಲಕ್ಷದಷ್ಟು ನಿಜವಾದ ಖಗೋಳ ಪಟ್ಟಿಗಳಿಂದ ಬಂದವು. ಉಳಿದವನ್ನು ‘ಸ್ಟೆಲ್ಲಾರ್ ಫೋರ್ಜ್’ ಎಂಬ ಪ್ರೋಗ್ರಾಂ, ದ್ರವ್ಯರಾಶಿ, ವಯಸ್ಸು ಮೊದಲಾದ ಭೌತನಿಯಮಗಳಿಂದ ಲೆಕ್ಕ ಹಾಕಿ ಸೃಷ್ಟಿಸುತ್ತದೆ. ಆದ್ದರಿಂದ ನನ್ನ ಆಷಾಢದ ಗ್ರಹ ನಿಜವಲ್ಲ, ಆದರೆ ಅಸಾಧ್ಯವೂ ಅಲ್ಲ. 2017ರ ಫೆಬ್ರುವರಿಯಲ್ಲಿ, 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್-1 ಎಂಬ ಪುಟ್ಟ ನಕ್ಷತ್ರಕ್ಕೆ ಏಳು ಗ್ರಹಗಳಿವೆ ಎಂದು ನಾಸಾ ಪ್ರಕಟಿಸಿತು. ಆಟದಲ್ಲಿ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಸ್ಟೆಲ್ಲಾರ್ ಫೋರ್ಜ್ ತಾನಾಗಿಯೇ ಒಂದು ಮಂಕು ಕುಬ್ಜವನ್ನೂ ಅದರ ಸುತ್ತ ಕಲ್ಲಿನ ಗ್ರಹಗಳನ್ನೂ ಇಟ್ಟಿತ್ತು. ಆಮೇಲೆ ಅದನ್ನೇ ತಿದ್ದಿ ಟ್ರ್ಯಾಪಿಸ್ಟ್-1 ಎಂದು ಹೆಸರಿಟ್ಟರು. ಇದನ್ನು ನಿಮ್ಮ ಮಕ್ಕಳಿಗೆ ಖಂಡಿತ ಹೇಳಿ.

ಎರಡನೆಯದಕ್ಕೆ ನೇರ ಉತ್ತರ: ಇನ್ನೂ ಸಿಕ್ಕಿಲ್ಲ. ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಗ್ರಹವನ್ನು 1995ರಲ್ಲಿ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಕಂಡರು, 2019ರಲ್ಲಿ ಅದಕ್ಕಾಗಿ ನೊಬೆಲ್ ಪಡೆದರು. 2025ರಲ್ಲಿ ನಾಸಾದ ಪಟ್ಟಿ 6,000 ಗ್ರಹಗಳನ್ನು ದಾಟಿತು. ‘ಭೂಮಿಯ ಅಣ್ಣ’ ಎಂದೆಲ್ಲ ಪತ್ರಿಕೆಗಳು ಬರೆದ ಕೆಪ್ಲರ್-452ಬಿ 2015ರಲ್ಲಿ ಸಿಕ್ಕಿದ್ದು. ಅದರ ವರ್ಷ 385 ದಿನ, ನಕ್ಷತ್ರ ಸೂರ್ಯನಂಥದ್ದೇ. ಆದರೆ ತ್ರಿಜ್ಯ ಭೂಮಿಯ ಸುಮಾರು 1.6 ಪಟ್ಟು, ಅದು ಕಲ್ಲಿನ ಗ್ರಹವೇ ಎಂಬುದು ಖಚಿತವಾಗಿಲ್ಲ. 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಬಿ ನಮ್ಮ ನೆರೆಮನೆ, ಆದರೆ ಅದರ ಕೆಂಪು ಕುಬ್ಜ ಆಗಾಗ ಸಿಡಿಯುತ್ತದೆ. ನಿಜವಾದ ಖಗೋಳಶಾಸ್ತ್ರದಲ್ಲಿ ಗ್ರಹ ನಕ್ಷತ್ರದ ಮುಂದೆ ಹಾದಾಗ ಬೆಳಕು ಎಷ್ಟು ಕುಂದಿತು, ಅದರ ಸೆಳೆತಕ್ಕೆ ನಕ್ಷತ್ರ ಎಷ್ಟು ಓಲಾಡಿತು ಎಂಬುದನ್ನು ಅಳೆದು ಗಾತ್ರ, ತೂಕ ತಿಳಿಯುತ್ತಾರೆ. ಭೂಮಿಯಷ್ಟು ಗಾತ್ರದ್ದು ಸೂರ್ಯನಂಥ ನಕ್ಷತ್ರದ ಮುಂದೆ ಹಾದರೆ ಬೆಳಕು ಕುಂದುವುದು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದೂ ವರ್ಷಕ್ಕೊಮ್ಮೆ. ನಾವು ಆಟದಲ್ಲಿ ಐದು ನಿಮಿಷದಲ್ಲಿ ಓದುವ ಫಲಕಕ್ಕೆ ಅಲ್ಲಿ ಜೀವಮಾನ ಬೇಕು.

ಭಾರತದವರು ಹೆಸರಿಟ್ಟ ಗ್ರಹ ಸಂತಮಸ. ಎಚ್‌ಡಿ 86081 ಎಂಬ ನಕ್ಷತ್ರಕ್ಕೆ 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಕಾರ್ಯಕ್ರಮದಲ್ಲಿ, ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ ‘ಬಿಭಾ’ ಎಂಬ ಹೆಸರು ಬಂತು. ಅದರ ಗ್ರಹಕ್ಕೆ ‘ಸಂತಮಸ’. ಗುರುವಿನಂಥ ಅನಿಲ ದೈತ್ಯ, ಎರಡು ದಿನದಲ್ಲಿ ಒಂದು ಸುತ್ತು ಮುಗಿಸುವಷ್ಟು ನಕ್ಷತ್ರಕ್ಕೆ ಅಂಟಿಕೊಂಡಿದೆ. ಬದುಕಲು ಆಗದ ಜಾಗ, ಹೆಸರು ಮಾತ್ರ ಮನಸ್ಸಿಗೆ ಹತ್ತಿರ.

ಪ್ರಶ್ನೆ: ನ್ಯೂಟ್ರಾನ್ ನಕ್ಷತ್ರದ ಸುತ್ತ ಭೂಮಿಯಂಥ ಗ್ರಹ ಕಂಡೆ ಎಂದು ಗೆಳೆಯ ಹೇಳುತ್ತಾನೆ. ನಂಬಬಹುದೇ? (ಓದುಗರು, ಮೈಸೂರು)

ನಂಬಿ. ಆಟದಲ್ಲಿ ಅಂಥವು ಇವೆ, ಬಹಳ ಅಪರೂಪ. ಚಿತ್ರ ತೆಗೆದಿಟ್ಟುಕೊಳ್ಳಲು ಹೇಳಿ. ನಿಜದಲ್ಲಿ ಸತ್ತ ನಕ್ಷತ್ರದ ಆ ವಿಕಿರಣದಲ್ಲಿ ಹಸಿರು ಚಿಗುರುವುದು ಕಷ್ಟ. ಆದರೂ ಸೌರವ್ಯೂಹದ ಆಚೆ ಮೊಟ್ಟಮೊದಲು ಖಚಿತವಾದ ಗ್ರಹಗಳು ಸಿಕ್ಕಿದ್ದು ಅಂಥ ನಕ್ಷತ್ರದ ಬಳಿಯೇ. 1992ರಲ್ಲಿ ಅಲೆಕ್ಸಾಂಡರ್ ವೊಲ್ಶ್‌ಚಾನ್ ಮತ್ತು ಡೇಲ್ ಫ್ರೇಲ್ ಒಂದು ಪಲ್ಸಾರ್‌ನ, ಎಂದರೆ ಮಿಡಿಯುವಂತೆ ಕಾಣುವ ನ್ಯೂಟ್ರಾನ್ ನಕ್ಷತ್ರದ, ಮಿಡಿತದಲ್ಲಿ ಕಂಡ ಸಣ್ಣ ಏರುಪೇರಿನಿಂದ ಅವನ್ನು ಪತ್ತೆ ಹಚ್ಚಿದರು. ಆಟದಲ್ಲಿ ನ್ಯೂಟ್ರಾನ್ ನಕ್ಷತ್ರದ ಧ್ರುವಗಳಿಂದ ಚಿಮ್ಮುವ ಚಿಲುಮೆಯೊಳಗೆ ಹಾದರೆ ಒಂದು ಜಿಗಿತದ ದೂರ ನಾಲ್ಕು ಪಟ್ಟಾಗುತ್ತದೆ. ಚಿಲುಮೆಯ ತುದಿಯಲ್ಲೇ ಹೋಗಿ, ಬುಡಕ್ಕೆ ಹೋಗಬೇಡಿ.

ಪ್ರಶ್ನೆ: ಇದನ್ನು ಮೊಬೈಲಿನಲ್ಲಿ ಆಡಬಹುದೇ? (ಓದುಗರು, ಹಾಸನ)

ಆಡಲಾಗುವುದಿಲ್ಲ. ಒಳ್ಳೆಯ ಗ್ರಾಫಿಕ್ಸ್ ಇರುವ ವಿಂಡೋಸ್ ಕಂಪ್ಯೂಟರ್ ಬೇಕು, ಒಬ್ಬರೇ ಆಡಿದರೂ ಇಂಟರ್ನೆಟ್ ಬೇಕು. ಮೊಬೈಲಿಗೆ ‘ಸ್ಟೆಲ್ಲೇರಿಯಮ್’ ಹಾಕಿಕೊಳ್ಳಿ. ನಿಮ್ಮ ಮನೆಯ ಮೇಲಿನ ಆಕಾಶವನ್ನು ತೋರಿಸುತ್ತದೆ.

ಪ್ರಶ್ನೆ: ಆಂಟಿ, ನೀವು ಕಂಡುಹಿಡಿದ ಗ್ರಹಕ್ಕೆ ನಿಮಗೆ ಬೇಕಾದ ಹೆಸರು ಇಡಬಹುದಾ? (ಐದನೆಯ ತರಗತಿ, ಶಿರಸಿ)

ಇಡಲು ಆಗುವುದಿಲ್ಲ, ಪುಟ್ಟಿ. ನಕ್ಷತ್ರದ ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿ ಆಟವೇ ಹೆಸರು ಕೊಡುತ್ತದೆ. ‘ಮೊದಲು ಕಂಡವರು’ ಎಂಬಲ್ಲಿ ಮಾತ್ರ ನನ್ನ ಹೆಸರು ಇರುತ್ತದೆ. ಆದರೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿಯೊಂದಕ್ಕೂ ನಾನೇ ಇಟ್ಟ ಹೆಸರಿದೆ, ಎಲ್ಲವೂ ನಮ್ಮ ಕಡೆಯ ಹೊಳೆಗಳವು. ಆಷಾಢದ ಮಳೆಯಲ್ಲಿ ಸಿಕ್ಕಿದ್ದು ವರದಾ. ಆ ಹೊಳೆ ನಮ್ಮ ಸಾಗರದ ಹತ್ತಿರದ ವರದಾಮೂಲದಲ್ಲಿ ಹುಟ್ಟುತ್ತದೆ. ಮತ್ತೆ ಹೋಗಿ ತಂದ ಎರಡು ಗ್ರಹಗಳು ತುಂಗಾ ಮತ್ತು ಕುಮುದ್ವತಿ. ನಿಮ್ಮ ಊರಿನವಳಾದ ಅಘನಾಶಿನಿ ಕಳೆದ ವರ್ಷ ಸಿಕ್ಕಳು, ಕಿತ್ತಳೆ ಬಣ್ಣದ ಸೂರ್ಯನ ಹತ್ತಿರ, ತುಂಬ ಮೋಡ. ಶರಾವತಿಯ ಹೆಸರನ್ನು ಮಾತ್ರ ಇನ್ನೂ ಯಾವುದಕ್ಕೂ ಕೊಟ್ಟಿಲ್ಲ. ಉಂಗುರ ತೊಟ್ಟ ಭೂಮಿಯಂಥ ಗ್ರಹಗಳು ಎಲ್ಲೋ ಕೆಲವು ಇವೆ. ಅಂಥದ್ದೊಂದು ಸಿಗುವವರೆಗೆ ಆ ಪುಟವನ್ನು ಖಾಲಿ ಬಿಟ್ಟಿದ್ದೇನೆ.